ಕೊಮಾತಾ ಹೊಳೆಯ ರಜೆ

ಸವಗುಚಿ ಚಿಗುಸಾ ಓದಿದ್ದು ದನಗಳ ಡಾಕ್ಟರಾಗಬೇಕೆಂದು. ಆದರೆ ಸರ್ಕಾರದ ಪಶು ಆರೋಗ್ಯ ಕಚೇರಿಯಲ್ಲಿ ಕೆಲಸ ಸಿಕ್ಕ ಮೇಲೆ ಅವಳ ಪಾಲಿಗೆ ಬಂದದ್ದು ಹೆಚ್ಚಾಗಿ ಕೋಳಿ. ಜಪಾನಿನ ಉತ್ತರಕ್ಕಿರುವ ನಮ್ಮ ಇವಾತೆ ಪ್ರಾಂತ್ಯದ ಕಡೆ ಮನುಷ್ಯರಿಗಿಂತ ಕೋಳಿಗಳೇ ಜಾಸ್ತಿ, ಹಾಗಾಗಿ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ವರ್ಷವಿಡೀ ಫಾರಂನಿಂದ ಫಾರಂಗೆ ಹೋಗುವುದು, ರಕ್ತದ ಮಾದರಿ ತೆಗೆಯುವುದು, ಬಲೆಯಲ್ಲಿ ತೂತಿದ್ದರೆ ಮುಚ್ಚಿಸಿ ಎಂದು ಹೇಳಿ ಬೈಸಿಕೊಳ್ಳುವುದು. ಮೂವತ್ತೆಂಟು ವಯಸ್ಸಾಗುವ ಹೊತ್ತಿಗೆ ಅವಳಿಗೆ ಈ ಕೆಲಸ ಒಗ್ಗಿಹೋಗಿತ್ತು.

ಆ ವರ್ಷ ಚಳಿಗಾಲ ಮುಗಿಯುತ್ತಾ ಬಂದಿತ್ತು. ರೋಗ ಹೊತ್ತು ತರುವ ವಲಸೆ ಬಾತುಗಳು ಉತ್ತರಕ್ಕೆ ಹೊರಟಿದ್ದವು. ಇನ್ನೇನು ಗಂಡಾಂತರ ಕಳೆಯಿತು ಎಂದು ಎಲ್ಲರೂ ಉಸಿರು ಬಿಡುವಾಗ ಒಂದು ದೊಡ್ಡ ಫಾರಂನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಒಂದು ಕೋಳಿಗೆ ಬಂದರೂ ಆ ಫಾರಂನ ಅಷ್ಟೂ ಕೋಳಿಗಳನ್ನು ಕೊಲ್ಲಬೇಕು ಎನ್ನುವುದು ನಿಯಮ. ಕಚೇರಿಯವರು, ಬೇರೆ ಇಲಾಖೆಗಳ ಗುಮಾಸ್ತರು, ಕೊನೆಗೆ ಸೈನಿಕರು, ಎಲ್ಲರೂ ಬಿಳಿ ಉಡುಪು ತೊಟ್ಟು, ಕನ್ನಡಕ, ಮುಖಗವಸು, ಒಂದರ ಮೇಲೊಂದು ಕೈಗವಸು ಹಾಕಿಕೊಂಡು ಪಾಳಿಯ ಮೇಲೆ ದುಡಿದರು. ಕೋಳಿ ಹಿಡಿದು ದೊಡ್ಡ ಡಬ್ಬಗಳಿಗೆ ತುಂಬುವುದು, ಅನಿಲ ಬಿಡುವುದು, ಸದ್ದು ನಿಂತ ಮೇಲೆ ಚೀಲಕ್ಕೆ ಸುರಿಯುವುದು. ಚಿಗುಸಾ ಡಬ್ಬಗಳ ಪಕ್ಕ ನಿಂತು, ನಿಜವಾಗಿಯೂ ಸತ್ತವೇ ಎಂದು ನೋಡಿ ಕೈಯೆತ್ತುವವಳು. ಅವಳು ಕೈಯೆತ್ತಿದ ಮೇಲೆಯೇ ಮುಂದಿನ ಡಬ್ಬ.

ಎಲ್ಲ ಮುಗಿದು, ಹೂಳಿ, ಸುಣ್ಣ ಚೆಲ್ಲಿ ಬಂದ ಮೇಲೆ ಅವಳು ಎಂದಿನಂತೆ ಕಚೇರಿಗೆ ಬರತೊಡಗಿದಳು. ಮೇಲಧಿಕಾರಿ ನಾಗಮಿನೆ ಒಂದು ದಿನ ಅವಳ ಮೇಜಿನ ಹತ್ತಿರ ಬಂದು ನಿಂತರು.

"ನೀನು ರಜೆ ತಗೋ."

"ನಾನು ಕೇಳಿಲ್ವಲ್ಲ ಸಾರ್."

"ಕೇಳಿಲ್ಲ ಅಂತಾನೇ ಹೇಳ್ತಿರೋದು. ಮಿಕ್ಕೋರೆಲ್ಲ ಕೇಳಿದ್ರು. ಒಬ್ಬ ಅತ್ತ. ಇನ್ನೊಬ್ಬ ಕುಡಿದು ರಂಪ ಮಾಡಿದ. ನೀನು ಬೆಳಿಗ್ಗೆ ಬಂದು ಪೆನ್ಸಿಲ್ ಚೂಪು ಮಾಡ್ಕೊಂಡು ಕೂತ್ಕೋತೀಯ. ನನಗೆ ನಿನ್ನ ನೋಡಿದ್ರೇನೇ ಭಯ ಆಗತ್ತೆ."

"ಎಲ್ಲಿಗೆ ಹೋಗ್ಲಿ?"

"ಎಲ್ಲಿಗಾದ್ರೂ. ಕೋಳಿ ಇಲ್ಲದ ಕಡೆ."

"ನಮ್ಮ ಪ್ರಾಂತ್ಯದಲ್ಲಿ ಅಂಥದ್ದೊಂದು ಜಾಗ ಹೇಳಿ ಸಾರ್, ಹೋಗ್ತೀನಿ."

ನಾಗಮಿನೆ ಕಿಟಕಿಯ ಕಡೆ ನೋಡಿ ಯೋಚಿಸಿದರು. "ನೀರೊಳಗೆ," ಅಂದರು.

ಹಾಗೆ ಅವಳಿಗೆ ಮೀನಿನ ನೆನಪಾಯಿತು. ಓದುವ ಕಾಲದಲ್ಲಿ ಜೊತೆಯ ಹುಡುಗಿಯೊಬ್ಬಳು ಅವಳಿಗೆ ಹೊಳೆಯ ಟ್ರೌಟ್ ಮೀನು ಹಿಡಿಯುವುದನ್ನು ಕಲಿಸಿದ್ದಳು. ಆಮೇಲೆ ಪ್ರತಿ ವಸಂತದಲ್ಲೂ ಒಂದೆರಡು ಸಲ ಅವಳು ಒಬ್ಬಳೇ ಬೆಟ್ಟಕ್ಕೆ ಹೋಗುತ್ತಿದ್ದಳು. ಅದಕ್ಕೆಂದೇ ಒಂದು ಪುಟ್ಟ ಬಿಳಿ ವ್ಯಾನು ಇತ್ತು. ತೋಫು, ಅಂದರೆ ಸೋಯಾ ಹಾಲಿನ ಪನೀರು, ಮಾರುತ್ತಿದ್ದು ಅಂಗಡಿ ಮುಚ್ಚಿದ ವ್ಯಾಪಾರಿಯೊಬ್ಬನಿಂದ ಕೊಂಡದ್ದು. ಪಕ್ಕದ ಬಾಗಿಲಿಗೆ ಬಣ್ಣ ಬಳಿಸಿದ್ದರೂ ಬಿಸಿಲು ಓರೆಯಾಗಿ ಬಿದ್ದಾಗ "ತೋಫು" ಎಂಬ ಅಕ್ಷರಗಳು ಎದ್ದು ಕಾಣುತ್ತಿದ್ದವು. ಮಳೆಗಾಲದಲ್ಲಿ ಒಳಗೆ ನೆನೆಸಿದ ಸೋಯಾಕಾಳಿನ ವಾಸನೆ ಬರುತ್ತಿತ್ತು. ಹಿಂದಿನ ಸೀಟು ಕಳಚಿ ಹಲಗೆ ಹಾಸಿ, ಅದರ ಮೇಲೆ ಹಾಸಿಗೆ ಹಾಕಿಕೊಂಡಿದ್ದಳು. ಕಾಲು ಪೂರ್ತಿ ಚಾಚಲು ಆಗುತ್ತಿರಲಿಲ್ಲ, ಆದರೆ ಅವಳು ಮುದುರಿಕೊಂಡೇ ಮಲಗುವವಳು.

ಏಪ್ರಿಲ್ ಕೊನೆಯ ವಾರದಲ್ಲಿ ಮೂರು ದಿನ ರಜೆ ಹಾಕಿ ಕೊಮಾತಾ ಹೊಳೆಯ ಕಡೆ ಹೊರಟಳು.

ಹೊಳೆಯ ಮೇಲಿನ ಕೊನೆಯ ಹಳ್ಳಿಯಲ್ಲಿ ಒಂದೇ ಅಂಗಡಿ. ಮೀನು ಹಿಡಿಯುವ ಪರವಾನಗಿ ಚೀಟಿಯನ್ನು ಅಲ್ಲೇ ಕೊಳ್ಳಬೇಕು. ವ್ಯಾನು ನಿಲ್ಲುತ್ತಿದ್ದ ಹಾಗೆ ಒಳಗಿನಿಂದ ಒಬ್ಬ ದಪ್ಪ ಮುದುಕಿ ಪಾತ್ರೆ ಹಿಡಿದುಕೊಂಡು ದಡಬಡ ಓಡಿ ಬಂದಳು.

"ಎರಡು ಕೊಡು, ಗಟ್ಟಿಯಾಗಿರೋದು."

"ಏನು ಎರಡು?"

"ತೋಫು."

"ತೋಫು ಇಲ್ಲಮ್ಮ. ವ್ಯಾನು ಮಾತ್ರ ತೋಫುವಿನದು. ನಾನು ಮೀನು ಹಿಡಿಯೋಕೆ ಬಂದಿದ್ದೀನಿ."

"ಹಾಳಾಗ್ ಹೋಗ್ಲಿ! ಪಾತ್ರೆ ತೊಳೆದುಕೊಂಡು ಬಂದೆನಲ್ಲೇ." ಮುದುಕಿ ಒಳಗೆ ತಿರುಗಿ ಕೂಗಿದಳು. "ತೋಕಿ, ತೋಫು ಅಲ್ವಂತೆ ಕಣೇ. ಮೀನಂತೆ. ಚೀಟಿ ತಗೊಂಡು ಬಾ."

ಆ ದಪ್ಪ ಮುದುಕಿಯ ಹೆಸರು ಯೊನೆ, ಅಂಗಡಿಯ ಯಜಮಾನಿ. ಒಳಗಿನಿಂದ ಚೀಟಿಯ ಕಟ್ಟು ತಂದ ಸಣಕಲು ಹೆಂಗಸು ತೋಕಿ, ಅವಳ ನಾದಿನಿ. ತೋಕಿ ಮದುವೆಯಾಗದೆ ಊರಿನ ಪೋಸ್ಟಾಫೀಸಿನಲ್ಲಿ ದುಡಿದು ನಿವೃತ್ತಳಾದವಳು. ಯೊನೆಯ ಗಂಡ ತೀರಿಕೊಂಡ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಸುಖವಾಗಿದ್ದರು. ಇದನ್ನೆಲ್ಲ ಚೀಟಿಯಲ್ಲಿ ತಾರೀಖು ಬರೆಯುವಷ್ಟರಲ್ಲಿ ಯೊನೆಯೇ ಹೇಳಿ ಮುಗಿಸಿದಳು.

"ಒಬ್ಬಳೇ ಬಂದ್ಯಾ?"

"ಹೂಂ."

"ಗಂಡ?"

"ಇಲ್ಲ."

"ನೋಡೇ ತೋಕಿ, ನಿನ್ನ ಜಾತಿಯವಳೇ."

"ಪುಣ್ಯವಂತೆ ಅನ್ನು ಅತ್ತಿಗೆ," ಅಂದಳು ತೋಕಿ, ತಲೆ ಎತ್ತದೆ. ಆಮೇಲೆ ಚಿಗುಸಾಳನ್ನು ಕೇಳಿದಳು. "ಏನು ಕೆಲಸ ಮಾಡ್ತೀಯಮ್ಮ?"

"ಸರ್ಕಾರಿ ಕಚೇರಿ."

"ಒಳ್ಳೇದು. ಚಳಿಗಾಲದ ನಿದ್ದೆಯಿಂದ ಕರಡಿ ಎದ್ದಿವೆ, ಗಂಟೆ ಕಟ್ಕೊಂಡು ಹೋಗು. ಕಕ್ಕಸು ಬೇಕಂದ್ರೆ ಇಲ್ಲಿಗೇ ಬಾ, ಹೊಳೆ ಹತ್ರ ಗಲೀಜು ಮಾಡಬೇಡ."

ಅಷ್ಟರಲ್ಲಿ ಮನೆಯ ಹಿಂದಿನಿಂದ ಕೋಳಿಯ ಸದ್ದು ಕೇಳಿಸಿತು. ನಾಲ್ಕೈದು ಇರಬೇಕು. ಚಿಗುಸಾ ಚೀಟಿ ಕೈಗೆ ಬಂದದ್ದೇ ಥ್ಯಾಂಕ್ಸ್ ಹೇಳಿ ವ್ಯಾನು ಹತ್ತಿದಳು.

ಕಾಡಿನ ದಾರಿ ಮುಗಿಯುವಲ್ಲಿ ಹೊಳೆಯ ಪಕ್ಕ ಸಮತಟ್ಟಾದ ಜಾಗವಿತ್ತು. ಬೀಚ್ ಎಂಬ ಕಾಡುಮರಗಳು ಇನ್ನೂ ಬೋಳು. ನೆರಳಿರುವ ಕಡೆ ಹಿಮ ಉಳಿದು ಬೂದು ಬಣ್ಣಕ್ಕೆ ತಿರುಗಿತ್ತು. ಕರಗಿದ ಹಿಮದ ನೀರು ಹೊಳೆಯಲ್ಲಿ ತುಂಬಿ, ನೀರಿನ ಬಣ್ಣ ತೆಳು ಹಸಿರಾಗಿತ್ತು. ಚಿಗುಸಾ ಎತ್ತರದ ರಬ್ಬರ್ ಬೂಟು ತೊಟ್ಟು ನೀರಿಗಿಳಿದಳು. ಕಲ್ಲುಗಳನ್ನು ಮಗುಚಿ ಅಡಿಯಲ್ಲಿ ಅಂಟಿಕೊಂಡ ಹುಳುಗಳನ್ನು ಡಬ್ಬಿಗೆ ಹಾಕಿಕೊಂಡು, ಗಾಳದ ಕೋಲು ಬಿಚ್ಚಿ, ಒಂದು ಹುಳುವನ್ನು ಕೊಕ್ಕೆಗೆ ಚುಚ್ಚಿ ದೊಡ್ಡ ಬಂಡೆಯ ಹಿಂದೆ ನಿಂತ ನೀರಿಗೆ ಬಿಟ್ಟಳು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಮೊದಲ ಮೀನು ಬಿತ್ತು. ಇವಾನ ಮೀನು, ತಣ್ಣೀರಿನಲ್ಲೇ ಬದುಕುವ ನಮ್ಮ ಬೆಟ್ಟದ ಟ್ರೌಟು. ಬೆನ್ನ ಮೇಲೆ ಅಕ್ಕಿ ಚೆಲ್ಲಿದಂಥ ಬಿಳಿ ಚುಕ್ಕೆ, ಹೊಟ್ಟೆ ಕಿತ್ತಳೆ. ಅಂಗೈಗಿಂತ ಒಂದೂವರೆ ಪಟ್ಟು ಉದ್ದ, ಚೆನ್ನಾಗಿ ಮೈ ತುಂಬಿಕೊಂಡಿತ್ತು. ಇಂಥ ಮೀನನ್ನು ಚಾಕುವಿನ ಹಿಡಿಯಿಂದ ನೆತ್ತಿಗೆ ಒಂದೇ ಏಟು ಹಾಕಿ ಕೊಂದು, ಹೊಟ್ಟೆ ಸೀಳಿ ತೊಳೆದು, ಉಪ್ಪು ಸವರಿ ಸುಡುವುದು ಅವಳ ರೂಢಿ. ಎಡಗೈಯಲ್ಲಿ ಮೀನು ಹಿಡಿದು ಬಲಗೈಯಲ್ಲಿ ಚಾಕು ತೆಗೆದಳು. ಕೈ ಏಳಲಿಲ್ಲ. ಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಸ್ವಲ್ಪ ಹೊತ್ತು ನೋಡಿ, ಬಗ್ಗಿ, ನೀರಿಗೆ ಬಿಟ್ಟಳು.

ಎರಡನೆಯದೂ ಬಿತ್ತು. ಅದನ್ನೂ ಬಿಟ್ಟಳು. ಅವಳಿಗೆ ಕನಿಕರವೇನೂ ಹುಟ್ಟಿರಲಿಲ್ಲ. ಹಸಿವಾಗಿತ್ತು, ಮೀನು ತಿನ್ನುವ ಆಸೆಯೂ ಇತ್ತು. ಕೈ ಮಾತ್ರ ತನ್ನದಲ್ಲ ಎನ್ನುವ ಹಾಗೆ ಸುಮ್ಮನಿತ್ತು. ಮೂರನೆಯದು ಬೀಳುವ ಮುಂಚೆ ಕೋಲು ಮಡಚಿ ವ್ಯಾನಿಗೆ ಬಂದು, ಅನ್ನ ಬೇಯಿಸಿ, ಡಬ್ಬದ ಬಂಗುಡೆ ಕಲಸಿಕೊಂಡು ತಿಂದಳು. ಡಬ್ಬದ ಬಂಗುಡೆಯನ್ನೂ ಯಾರೋ ಕೊಂದಿರುತ್ತಾರೆ ಎಂದು ಹೊಳೆಯಿತು. ಅದರಿಂದ ಊಟವೇನೂ ಸಪ್ಪೆಯಾಗಲಿಲ್ಲ. ಕತ್ತಲಾಗುತ್ತಲೇ ಮಲಗಿ ನಿದ್ದೆ ಹೋದಳು.

ಮರುದಿನ ಬೆಳಿಗ್ಗೆ ಕಕ್ಕಸಿಗೆಂದು ಅಂಗಡಿಗೆ ಇಳಿದು ಹೋದಾಗ ಹಿತ್ತಲಲ್ಲಿ ಜಗಳ ನಡೆಯುತ್ತಿತ್ತು. ತೋಕಿ ಒಂದು ಕಂದು ಕೋಳಿಯನ್ನು ಎದೆಗವಚಿಕೊಂಡು ನಿಂತಿದ್ದಳು. ಯೊನೆಯ ಕೈಯಲ್ಲಿ ದೊಡ್ಡ ಹಂಡೆ.

"ನಿನ್ನೆಯಿಂದ ತಿಂದಿಲ್ಲ ಕುಡಿದಿಲ್ಲ. ಇವತ್ತು ಹೇಗಿದ್ರೂ ಸಾಯತ್ತೆ. ಸತ್ತ ಮೇಲೆ ಸಾರಿಗೂ ಬರಲ್ಲ, ಗೊಬ್ಬರಕ್ಕೂ ಬರಲ್ಲ. ಕೊಡು ಇಲ್ಲಿ."

"ಯಜಮಾನಿ ಸಾಯಲ್ಲ."

"ಕೋಳಿಗೆ ನನ್ನ ಹೆಸರಿಡಬೇಡ ಅಂತ ಎಷ್ಟು ಸಲ ಹೇಳಿದ್ದೀನಿ."

"ನಿನ್ನ ಹೆಸರು ಯೊನೆ. ಇದರ ಹೆಸರು ಯಜಮಾನಿ. ನಡಿಗೆ ಒಂದೇ ಥರ ಇದ್ರೆ ನಾನೇನು ಮಾಡ್ಲಿ ಅತ್ತಿಗೆ?"

ತೋಕಿ ಕೋಳಿಯನ್ನು ನೆಲಕ್ಕಿಳಿಸಿದಳು. ಅದು ಬಾಲ ನೆಲಕ್ಕೆ ತಾಗಿಸಿ, ಎದೆ ಮೇಲೆ ಮಾಡಿ ನೆಟ್ಟಗೆ ನಿಂತಿತು. ಎರಡು ಹೆಜ್ಜೆ ಇಟ್ಟು ತಿಣುಕಿ ಮತ್ತೆ ನಿಂತಿತು. ಚಿಗುಸಾ ಕಕ್ಕಸಿನ ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದವಳು, ತಾನು ಮಾತಾಡಬೇಕೆಂದು ತೀರ್ಮಾನಿಸುವ ಮೊದಲೇ ಮಾತಾಡಿಬಿಟ್ಟಿದ್ದಳು.

"ಮೊಟ್ಟೆ ಸಿಕ್ಕಿಹಾಕ್ಕೊಂಡಿದೆ."

ಇಬ್ಬರೂ ತಿರುಗಿ ನೋಡಿದರು.

"ನಿನಗೆ ಹೇಗೆ ಗೊತ್ತು?" ಯೊನೆ ಕೇಳಿದಳು.

"ಡಾಕ್ಟರು. ಪ್ರಾಣಿಗಳ ಡಾಕ್ಟರು ನಾನು."

"ಕಚೇರಿ ಅಂದ್ಯಲ್ಲ?"

"ಅದೂ ಹೌದು."

ತೋಕಿ ಅದನ್ನೆಲ್ಲ ಕೇಳಿಸಿಕೊಳ್ಳಲಿಲ್ಲ. "ಬದುಕತ್ತಾ?" ಅಂದಳು.

ಕೋಳಿ ಕೊಂದ ಫಾರಂನಿಂದ ಬಂದವರು ಒಂದು ವಾರ ಯಾವ ಹಕ್ಕಿಯನ್ನೂ ಮುಟ್ಟಬಾರದು. ಆ ವಾರ ಮುಗಿದು ಆಗಲೇ ಕೆಲವು ದಿನಗಳಾಗಿದ್ದವು. ಚಿಗುಸಾ ಮನಸ್ಸಿನಲ್ಲೇ ಇನ್ನೊಮ್ಮೆ ಎಣಿಸಿ ನೋಡಿದಳು. ಲೆಕ್ಕ ಸರಿಯಿತ್ತು. ಆದರೂ ಅವಳು ನಿಂತಲ್ಲಿಂದ ಕದಲದೆ, ಬೋಗುಣಿಯಲ್ಲಿ ಕೈ ತಡೆಯುವಷ್ಟು ಬಿಸಿನೀರು ತನ್ನಿ, ಎಳ್ಳೆಣ್ಣೆ ತನ್ನಿ ಎಂದು ದೂರದಿಂದಲೇ ಹೇಳಿದಳು.

"ಬಿಸಿನೀರು, ಎಳ್ಳೆಣ್ಣೆ," ಅಂದಳು ಯೊನೆ. "ಇನ್ನೊಂದು ಚೂರು ಶುಂಠಿ ಹಾಕಿದ್ರೆ ಸಾರೇ ಆಗೋಯ್ತಲ್ಲ."

ತೋಕಿ ಕೋಳಿಯನ್ನು ಹೊಟ್ಟೆ ಮುಳುಗುವಷ್ಟು ನೀರಿನಲ್ಲಿ ಕೂರಿಸಿ ಹಿಡಿದುಕೊಂಡಳು. ಮೊದಲು ಒದ್ದಾಡಿದ ಕೋಳಿ ಬಿಸಿ ಏರಿದ ಹಾಗೆ ಕಣ್ಣು ಮುಚ್ಚಿತು. ಯೊನೆ ಹಂಡೆಯನ್ನು ಬೋರಲು ಹಾಕಿ ಅದರ ಮೇಲೆ ಕೂತು ನೋಡುತ್ತಿದ್ದಳು. ನೀರು ಆರಿದಾಗ ಬೈಯುತ್ತಲೇ ಎದ್ದು ಹೋಗಿ ಬಿಸಿ ಬೆರೆಸುತ್ತಿದ್ದಳು. ಆಮೇಲೆ ಎಣ್ಣೆ ಹಚ್ಚಿ, ಹೊಟ್ಟೆಯ ಕೆಳಗೆ ಬೆರಳಿಟ್ಟು ಮೆಲ್ಲನೆ ಹಿಂದಕ್ಕೆ ಒತ್ತಬೇಕು ಎಂದು ಚಿಗುಸಾ ಹೇಳಿದಳು. ತೋಕಿ ಒತ್ತಿ ನೋಡಿದಳು. ಮೊಟ್ಟೆ ಬೆರಳಿಗೆ ಸಿಕ್ಕದ್ದೇ ಕೈ ತೆಗೆದಳು.

"ಒಳಗೇ ಒಡೆದುಹೋದ್ರೆ?"

"ಸಾಯತ್ತೆ."

"ಹಾಗಾದ್ರೆ ನೀನೇ ಬಾ."

ಚಿಗುಸಾ ತೋಳು ಮಡಚಿ ಬಂದು ಮಣೆಯ ಮೇಲೆ ಕೂತಳು. ಒದ್ದೆ ಕೋಳಿಯನ್ನು ತೊಡೆಯ ಮೇಲೆ ಟವೆಲಿನಲ್ಲಿ ಮಲಗಿಸಿಕೊಂಡಳು. ಎಷ್ಟೋ ದಿನಗಳಿಂದ ಕೋಳಿ ಎಂದರೆ ಎರಡು ಪದರ ರಬ್ಬರಿನ ಆಚೆ ಇರುವ ವಸ್ತುವಾಗಿತ್ತು. ಈಗ ಬರಿಗೈಗೆ ಪುಕ್ಕದ ಕೆಳಗಿನ ಬಿಸಿ ತಾಗಿತು. ಕೋಳಿಯ ಮೈ ಮನುಷ್ಯರ ಮೈಗಿಂತ ಬಿಸಿ ಎನ್ನುವುದು ಅವಳಿಗೆ ಗೊತ್ತಿದ್ದದ್ದೇ, ಆದರೂ ಕೈ ಒಂದು ಕ್ಷಣ ಹಿಂದೆ ಸರಿಯಿತು. ಆಮೇಲೆ ಬೆರಳುಗಳು ತಮ್ಮ ಕೆಲಸ ಶುರು ಮಾಡಿದವು. ಮೊಟ್ಟೆ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ತಿಳಿಯಿತು. ಒತ್ತಿದಳು, ಬಿಟ್ಟಳು, ಕಾದಳು, ಮತ್ತೆ ಒತ್ತಿದಳು. ಯೊನೆ ಹಂಡೆಯನ್ನು ಹತ್ತಿರಕ್ಕೆ ಎಳೆದುಕೊಂಡು ಬಗ್ಗಿ ನೋಡಿದಳು. ಕೊನೆಗೆ ಕೋಳಿ ಒಮ್ಮೆ ಜೋರಾಗಿ ತಿಣುಕಿತು. ಸೊಟ್ಟಗಿದ್ದ, ಮೈಯೆಲ್ಲ ಗಂಟುಗಂಟಾದ ದೊಡ್ಡ ಮೊಟ್ಟೆಯೊಂದು ಟವೆಲಿನ ಮೇಲೆ ಜಾರಿತು.

"ಹೋಯ್ತು ನನ್ನ ಸಾರು," ಅಂದಳು ಯೊನೆ.

ತೋಕಿ ಅಳುತ್ತಿದ್ದಳು. ಸೆರಗಿಲ್ಲದ ನಮ್ಮ ಕಡೆಯ ಹೆಂಗಸರು ಮಾಡುವಂತೆ ಅಡುಗೆ ಏಪ್ರನ್ನಿನ ತುದಿಯಲ್ಲಿ ಮೂಗು ಒರೆಸಿಕೊಂಡಳು. ಯೊನೆ ಚಹಾ ತಂದಳು. ಕೋಳಿ ಇನ್ನೂ ಚಿಗುಸಾಳ ತೊಡೆಯ ಮೇಲೇ ಇತ್ತು.

"ಯಾವ ಕಚೇರಿಯಮ್ಮ ಡಾಕ್ಟರನ್ನ ಇಟ್ಕೊಂಡಿರೋದು?" ತೋಕಿ ಕೇಳಿದಳು.

"ಪಶು ಆರೋಗ್ಯ ಕಚೇರಿ."

ಚಹಾದ ಬಟ್ಟಲು ಹಿಡಿದ ತೋಕಿಯ ಕೈ ಅಲ್ಲೇ ನಿಂತಿತು. "ಟಿವಿಯಲ್ಲಿ ಬಂತಲ್ಲ. ಬಿಳಿ ಬಟ್ಟೆಯವರು. ಇರುವೆ ಥರ ಸಾಲಾಗಿ ಹೋಗ್ತಿದ್ರು."

"ಹೂಂ. ಅದರಲ್ಲಿ ನಾನೂ ಇದ್ದೆ."

ತೋಕಿ ಬಟ್ಟಲು ಕೆಳಗಿಟ್ಟು, ಎದ್ದು, ಟವೆಲಿನ ಸಮೇತ ಕೋಳಿಯನ್ನು ಎತ್ತಿಕೊಂಡಳು.

"ಮುಟ್ಟೋ ಮುಂಚೆ ಹೇಳಬೇಕಿತ್ತು."

"ಮುಟ್ಟಬಾರದ ದಿನಗಳು ಮುಗಿದಿವೆ. ಅದಕ್ಕೇ ಮುಟ್ಟಿದೆ. ನನ್ನಿಂದ ಏನೂ ಅಂಟಲ್ಲ."

"ಆದ್ರೂ ಹೇಳಬೇಕಿತ್ತು."

"ಹೇಳಿದ್ರೆ ಮುಟ್ಟೋಕೆ ಬಿಡ್ತಿದ್ರಾ?"

ತೋಕಿ ಪ್ರಾಮಾಣಿಕಳು. ಯೋಚಿಸಿ, "ಇಲ್ಲ," ಅಂದಳು. ಒಳಗೆ ಹೋಗಿ ಬಾಗಿಲು ಸರಿಸಿಕೊಂಡಳು.

"ಅವಳು ಹಾಗೇನೇ," ಯೊನೆ ಉಪ್ಪಿನಕಾಯಿಯ ತಟ್ಟೆ ಮುಂದೆ ತಳ್ಳಿದಳು. "ಪೋಸ್ಟಾಫೀಸಲ್ಲಿದ್ದಾಗ ಸ್ಟಾಂಪು ವಾರೆಯಾಗಿ ಅಂಟಿಸಿದ್ರೆ ಕವರು ವಾಪಸ್ ಕೊಡ್ತಿದ್ಲು. ಅದಿರ್ಲಿ. ನೀನು ನನ್ನ ಸಾರು ಕೆಡಿಸಿದೆ. ಸಾಯಂಕಾಲಕ್ಕೆ ಮೀನು ತಂದುಕೊಡು. ನಿನ್ನೆ ಎಷ್ಟು ಹಿಡಿದೆ?"

"ಎರಡು. ಬಿಟ್ಟುಬಿಟ್ಟೆ."

"ಬಿಟ್ಯಾ? ತಿನ್ನೋ ಸಾಮಾನನ್ನ ಬಿಡ್ತಾರಾ? ಇವತ್ತು ಬಿಟ್ಟೀಯ ಮತ್ತೆ."

ಹಾಗೆ ಚಿಗುಸಾ ಒಪ್ಪಿದ ಕೆಲಸವೊಂದನ್ನು ಹೊತ್ತುಕೊಂಡು ಹೊಳೆಗೆ ಮರಳಿದಳು. ಈ ಸಲ ಮೇಲಿನ ಕಿರುಜಲಪಾತದವರೆಗೂ ಹತ್ತಿದಳು. ಬಿಸಿಲೇರಿ ಹುಳುಗಳು ಹಾರತೊಡಗಿದ್ದರಿಂದ ಮೀನು ಬೇಗ ಬಿದ್ದವು. ಮೊದಲನೆಯದನ್ನು ಕಲ್ಲಿನ ಮೇಲಿಟ್ಟು ಚಾಕು ತಿರುಗಿಸಿ ಹಿಡಿದು ನೆತ್ತಿಗೆ ಹೊಡೆದಳು. ಅದು ಒಮ್ಮೆ ನಡುಗಿ ಸುಮ್ಮನಾಯಿತು. ಏನಾದರೂ ಆಗಬಹುದೆಂದು, ತಲೆ ತಿರುಗಬಹುದು, ಇಲ್ಲವೇ ವಾಂತಿ ಬರಬಹುದೆಂದು ಅವಳು ಕಾದಳು. ಏನೂ ಆಗಲಿಲ್ಲ. ನೀರು ಹರಿಯುತ್ತಿತ್ತು. ಮೀನು ತೊಳೆದು, ಕಾಡುಬಿದಿರಿನ ಎಲೆ ಹಾಸಿದ ಬುಟ್ಟಿಯಲ್ಲಿಟ್ಟಳು.

ಬುಟ್ಟಿಯಲ್ಲಿ ನಾಲ್ಕು ಮೀನಾದಾಗ ಕೆಳಗಿನ ದಾರಿಯಿಂದ ತಗಡು ಬಡಿಯುವ ಸದ್ದು ಬಂತು. ಕರಡಿಗೆ ಹೆದರಿ ತೋಕಿ ಹಳೆಯ ಬಾಣಲೆಯನ್ನು ಸೌಟಿನಲ್ಲಿ ಬಡಿಯುತ್ತಾ ಬರುತ್ತಿದ್ದಳು. ಹೊಳೆಯ ದಂಡೆಗೆ ಬಂದು, ಬಾಣಲೆ ಪಕ್ಕಕ್ಕಿಟ್ಟು, ಕಲ್ಲಿನ ಮೇಲೆ ಕರವಸ್ತ್ರ ಹಾಸಿ ಕೂತಳು.

"ನೀರು ಕುಡೀತು. ಅನ್ನದ ಅಗುಳೂ ತಿಂತು."

"ಒಳ್ಳೇದಾಯ್ತು."

"ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಬೇಕಾ?"

"ಹಾಕಿ. ಎರಡು ದಿನ ಕತ್ತಲಲ್ಲಿ ಬೆಚ್ಚಗೆ ಇಡಿ. ಅದಕ್ಕೆ ವಯಸ್ಸಾಗಿದೆ, ಮತ್ತೆ ಹೀಗಾಗಬಹುದು."

ತೋಕಿ ತಲೆಯಾಡಿಸಿದಳು. ಎದ್ದು ಹೋಗಲಿಲ್ಲ. ನೀರಿನ ಕಡೆ ನೋಡುತ್ತಾ ಕೇಳಿದಳು. "ಅವು ಕೂಗ್ತವಾ?"

ಯಾವುವು ಎಂದು ಚಿಗುಸಾ ಕೇಳಲಿಲ್ಲ. "ಮೊದಲು ಕೂಗ್ತವೆ. ಅನಿಲ ಬಿಟ್ಟ ಮೇಲೆ ಸ್ವಲ್ಪ ಹೊತ್ತು ರೆಕ್ಕೆ ಬಡಿಯೋ ಸದ್ದು. ಆಮೇಲೆ ಇಲ್ಲ."

"ನಿದ್ದೆ ಬರತ್ತಾ ನಿನಗೆ?"

"ಬರತ್ತೆ. ಕೋಳಿ ಕನಸೂ ಬೀಳಲ್ಲ." ಕೋಲಿನ ತುದಿಗೆ ಸುತ್ತಿಕೊಂಡ ದಾರವನ್ನು ಬಿಡಿಸುತ್ತಾ ಚಿಗುಸಾ ಹೇಳಿದಳು. "ಫಾರಂನ ಯಜಮಾನರು ಒಬ್ಬರಿದ್ರು. ತಮಯಾಮ ಅಂತ. ಪ್ರತಿ ಪಾಳಿ ಮುಗಿದಾಗ್ಲೂ ಗೇಟಿನ ಹತ್ರ ನಿಂತು, ಬಸ್ಸು ಹತ್ತೋ ಒಬ್ಬೊಬ್ಬರಿಗೂ ತಲೆ ಬಗ್ಗಿಸಿ, ತೊಂದರೆ ಕೊಟ್ವಿ, ಉಪಕಾರ ಆಯ್ತು ಅಂತಿದ್ರು. ಹಿಮ ಬೀಳ್ತಿದ್ರೂ ನಿಂತಿರ್ತಿದ್ರು. ಅವರ ಕೋಳಿ ಕೊಂದು ಬಂದವರಿಗೆ. ಅದು ನೆನಪಾಗತ್ತೆ."

"ಅವನಿಗೆ ಮಾಡೋಕೆ ಬೇರೇನೂ ಇರ್ಲಿಲ್ಲ ಅನ್ನಿಸತ್ತೆ."

"ಇರ್ಬಹುದು."

"ನೀನೇನು ಮಾಡಿದೆ?"

"ಏನೂ ಇಲ್ಲ. ಬಸ್ಸು ಹತ್ತಿದೆ."

"ಬಸ್ಸು ಹತ್ತಲೇಬೇಕಲ್ಲ," ಅಂದಳು ತೋಕಿ. ಬುಟ್ಟಿಯ ಮುಚ್ಚಳ ಎತ್ತಿ ಮೀನು ನೋಡಿದಳು. "ಎಲ್ಲಿ ಅವನ ಊರು?"

"ವಾಪಸ್ ಹೋಗೋ ದಾರಿಯಲ್ಲೇ. ಒಂಚೂರು ಪಕ್ಕಕ್ಕೆ."

"ಹಾಗಾದ್ರೆ ನಾಳೆ ಬೆಳಿಗ್ಗೆ ಅವನಿಗೆ ಅಂತ ಇನ್ನೂ ನಾಲ್ಕು ಹಿಡಿ. ಇದರಲ್ಲಿ ಉಳಿಯತ್ತೆ ಅಂದ್ಕೋಬೇಡ, ಅತ್ತಿಗೆ ಒಬ್ಬಳೇ ಎರಡು ತಿಂತಾಳೆ."

ಅದು ನಿಜವೇ ಆಗಿತ್ತು. ಆ ಸಂಜೆ ಯೊನೆ ಉಪ್ಪು ಸವರಿದ ಮೀನುಗಳನ್ನು ಕಡ್ಡಿಗೆ ಚುಚ್ಚಿ ಕೆಂಡದ ಸುತ್ತ ನಿಲ್ಲಿಸಿದಳು. ಎರಡು ತಾನು ತಿಂದು, ತೋಕಿ ಬಿಟ್ಟ ತಲೆಯನ್ನೂ ಎಳೆದುಕೊಂಡಳು. ತೋಕಿ ಚಿಗುಸಾಳ ಬಟ್ಟಲು ಖಾಲಿಯಾದಾಗಲೆಲ್ಲ ಅನ್ನ ಬಡಿಸುತ್ತಿದ್ದಳು. ಕೋಳಿ ಒಲೆಯ ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿತ್ತು. ಅದನ್ನು ಇನ್ನೊಮ್ಮೆ ನೋಡು ಎಂದು ತೋಕಿ ಕರೆಯಲಿಲ್ಲ, ಚಿಗುಸಾ ಕೇಳಲೂ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಮೀನು ಹಿಡಿದು, ನೆರಳಿನಲ್ಲಿದ್ದ ಹಿಮವನ್ನು ಒಡೆದು ಡಬ್ಬಿಗೆ ತುಂಬಿ ಅದರೊಳಗೆ ಹೂತಿಟ್ಟು, ಚಿಗುಸಾ ಹೊರಟಳು. ಕವಲುದಾರಿಯಲ್ಲಿ ವ್ಯಾನು ನಿಲ್ಲಿಸಿ ಸ್ವಲ್ಪ ಹೊತ್ತು ಕೂತಳು. ಹಿಂದೆ ಬಂದ ಲಾರಿಯವನು ಹಾರ್ನ್ ಹೊಡೆದ. ದಾರಿ ಬಿಡಲೆಂದು ಎಡಕ್ಕೆ ತಿರುಗಿಸಿದಳು. ತಮಯಾಮರ ಫಾರಂ ಇದ್ದದ್ದು ಎಡಕ್ಕೇ.

ಗೇಟಿನ ಮುಂದಿನ ನೆಲ ಇನ್ನೂ ಸುಣ್ಣದಿಂದ ಬೆಳ್ಳಗಿತ್ತು. ಬೇಲಿಯಾಚೆ ಉದ್ದನೆಯ ಕೊಟ್ಟಿಗೆಗಳು, ಎಲ್ಲದರ ಬಾಗಿಲೂ ತೆರೆದಿದ್ದವು. ಮನೆ ಬೇಲಿಯ ಈಚೆಗಿತ್ತು. ತಮಯಾಮ ಬೂಟು ಹಾಕಿಕೊಂಡು, ಬೆನ್ನಿಗೆ ಔಷಧಿ ಪಂಪು ಕಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದರು. ವ್ಯಾನು ಕಂಡದ್ದೇ ಕೈ ಅಡ್ಡ ಹಿಡಿದರು.

"ಅಲ್ಲೇ, ಅಲ್ಲೇ ನಿಲ್ಸಿ. ಚಕ್ರಕ್ಕೆ ಔಷಧಿ ಹೊಡೀಬೇಕು. ಕೋಳಿ ಇಲ್ಲ, ಆದ್ರೂ ನಿಯಮ." ನಾಲ್ಕು ಚಕ್ರಕ್ಕೂ ಹೊಡೆದು, ಬಾಗಿಲು ನೋಡಿದರು. "ತೋಫು ಬೇಡ, ನಿನ್ನೆ ತಗೊಂಡ್ವಿ."

"ತೋಫು ಅಲ್ಲ. ಇವಾನ ಮೀನು ತಂದಿದ್ದೀನಿ."

"ಮೀನು ಮಾರೋರಾ?"

"ಮಾರೋಕಲ್ಲ. ರಜೆಯಲ್ಲಿ ಹಿಡಿದದ್ದು, ನಿಮಗೆ ಅಂತ ತಂದೆ. ನಾನು ಪಶು ಆರೋಗ್ಯ ಕಚೇರಿಯ ಸವಗುಚಿ. ಇಲ್ಲಿಗೆ ಬಂದಿದ್ದೆ. ಆಗ... ಡಬ್ಬಗಳ ಹತ್ರ ಕೈಯೆತ್ತುತ್ತಿದ್ದವಳು ನಾನೇ."

ತಮಯಾಮ ಪಂಪಿನ ಕೊಳವೆ ಕೆಳಗೆ ಮಾಡಿ ಅವಳ ಮುಖವನ್ನೇ ನೋಡಿದರು. ಹಣೆಯಿಂದ ಗಲ್ಲದವರೆಗೆ, ಸರಕು ಪರೀಕ್ಷಿಸುವ ಹಾಗೆ.

"ಆ ಗವಸಿನ ಹಿಂದೆ ಮುಖ ಇದೆಯಲ್ಲ ನಿಮಗೆ!" ಅಂದರು. ಆಮೇಲೆ ಮನೆಯ ಕಡೆ ತಿರುಗಿ ಕೂಗಿದರು. "ಏ ಕಿಯೋ, ಬಾ ಇಲ್ಲಿ. ಬಿಳಿ ಬಟ್ಟೆಯವರಲ್ಲಿ ಒಬ್ಬರು ಬಂದಿದ್ದಾರೆ. ಹೆಂಗಸು!"

ಹೆಂಡತಿ ಕಿಯೋ ಮೀನು ಕಂಡು ಸಂಕೋಚಪಟ್ಟರು, ಆಮೇಲೆ ಸಂತೋಷಪಟ್ಟರು. ಮನೆಯ ಮುಂದಿನ ಮರದ ಜಗಲಿಯ ಮೇಲೆಯೇ ಊಟ ಆಯಿತು. ಮೀನು, ಅನ್ನ, ಬೆಟ್ಟದ ಸೊಪ್ಪಿನ ಪಲ್ಯ. ತಮಯಾಮ ಮುಳ್ಳನ್ನು ಒಂದೇ ಎಳೆತಕ್ಕೆ ತೆಗೆದು ಮೆಚ್ಚಿಕೊಂಡು ತಿಂದರು. ತಿನ್ನುವಾಗ ಯಾರೂ ಕೋಳಿಯ ಮಾತೆತ್ತಲಿಲ್ಲ. ಚಹಾದ ಹೊತ್ತಿಗೆ ಚಿಗುಸಾ, ನೀವು ದಿನಾ ಗೇಟಿನ ಹತ್ರ ನಿಂತಿರ್ತಿದ್ರಿ, ನಾನು ಒಂದು ಮಾತೂ ಆಡದೆ ಹೋದೆ, ಅದನ್ನು ಹೇಳಿ ಹೋಗೋಣ ಅಂತ ಬಂದೆ ಎಂದಳು.

ತಮಯಾಮ ಕಿವಿ ಕೆರೆದುಕೊಂಡರು.

"ಅಯ್ಯೋ, ಅದಾ. ಮನೆಯಲ್ಲಿ ಕೂತ್ರೆ ಟಿವಿ. ಟಿವಿ ಹಾಕಿದ್ರೆ ನನ್ನದೇ ಫಾರಂ, ಮೇಲಿಂದ ಹೆಲಿಕಾಪ್ಟರಲ್ಲಿ. ಆರಿಸಿದ್ರೆ ಫೋನು. ಹೊರಗೆ ಬಂದು ನಿಲ್ತಿದ್ದೆ. ಸುಮ್ನೆ ನಿಂತ್ರೆ ಕಾವಲಿಗೆ ನಿಂತ ಹಾಗಿರತ್ತೆ ಅಂತ ತಲೆ ಬಗ್ಗಿಸ್ತಿದ್ದೆ. ಯಾರಿಗೆ ಬಗ್ಗಿಸ್ತಿದ್ದೀನಿ ಅಂತ ಗೊತ್ತೂ ಆಗ್ತಿರ್ಲಿಲ್ಲ. ಎಲ್ಲ ಒಂದೇ ಥರ."

"ರಾತ್ರಿ ಸೊಂಟ ನೋವು ಅಂತ ನನ್ನ ಕೈಲಿ ಒತ್ತಿಸ್ಕೋತಿದ್ರು," ಅಂದರು ಕಿಯೋ. "ಸಾಕು ನಿಲ್ಸಿ ಅಂದ್ರೆ, ಇವತ್ತಿನವರಿಗೆ ಬಗ್ಗಿಸಿದ್ದೀನಿ, ನಾಳೆ ನಿಲ್ಸಿದ್ರೆ ನಾಳೆ ಪಾಳಿಯವರು ಏನಂದ್ಕೋತಾರೆ ಅಂತಿದ್ರು."

ಚಿಗುಸಾಳಿಗೆ ನಗು ಬಂತು. ನಕ್ಕದ್ದಕ್ಕೆ ಕ್ಷಮೆ ಕೇಳಲು ಹೋದಳು. ಅಷ್ಟರಲ್ಲಿ ಅವರಿಬ್ಬರೂ ನಗುತ್ತಿದ್ದರು.

ಮತ್ತೆ ಮರಿ ತರುವುದೋ ಬೇಡವೋ ಎಂಬುದರ ಬಗ್ಗೆ ಗಂಡ ಹೆಂಡಿರಲ್ಲಿ ಒಮ್ಮತವಿರಲಿಲ್ಲ. ಶರತ್ಕಾಲಕ್ಕೆ ಒಂದು ಕೊಟ್ಟಿಗೆಯಲ್ಲಿ ಶುರು ಮಾಡೋಣ ಎನ್ನುವುದು ತಮಯಾಮರ ಮಾತು. ಈ ವಯಸ್ಸಿನಲ್ಲಿ ಇನ್ನೊಂದು ಸಲ ಅದನ್ನೆಲ್ಲ ನೋಡುವ ಶಕ್ತಿ ತನಗಿಲ್ಲ ಎನ್ನುವುದು ಕಿಯೋ ಅವರ ಮಾತು. ಡಾಕ್ಟರು ಏನಂತೀರಿ ಎಂದು ಇಬ್ಬರೂ ಕೇಳಿದರು. ಶುರು ಮಾಡಿ ಎಂದಾಗಲಿ ಬೇಡ ಎಂದಾಗಲಿ ತಾನು ಹೇಳಲಾರೆ ಎಂದಳು ಚಿಗುಸಾ. ಆದರೆ ಮಾ‌ಡುವುದಾದರೆ ಹಿಂದಿನ ಕೆರೆಯಲ್ಲಿ ಬಾತು ಇಳಿಯದ ಹಾಗೆ ಮೇಲೆ ದಾರ ಕಟ್ಟಬೇಕು, ಮೂರನೆಯ ಕೊಟ್ಟಿಗೆಯ ಸೂರಿನ ಕೆಳಗೆ ಬಲೆಯಲ್ಲಿ ತೂತುಗಳಿವೆ, ಪಾಳಿಯಲ್ಲಿದ್ದಾಗಲೇ ಕಂಡಿದ್ದೆ, ಅವನ್ನು ಈಗಲೇ ಮುಚ್ಚಬೇಕು ಎಂದಳು.

"ರಜೆ ಅಂದ್ರಲ್ಲ?" ತಮಯಾಮರ ಮುಖ ಸ್ವಲ್ಪ ಬಿಗಿಯಿತು. "ತೂತೇನೂ ಇಲ್ಲ. ನಾನೇ ನೋಡಿದ್ದೀನಿ."

"ಇದೆ."

 ಕಿಯೋ ತಟ್ಟೆ ತೆಗೆದರು. ಚಿಗುಸಾ ತೊಳೆಯಲು ಎದ್ದರೆ ಬಿಡಲಿಲ್ಲ. ಜಗಲಿಗೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಕಂಬಕ್ಕೆ ಒರಗಿ ಕೂತವಳಿಗೆ ಕಣ್ಣು ಎಳೆಯಿತು. ಎರಡು ನಿಮಿಷ ಎಂದುಕೊಂಡು ಮುಚ್ಚಿದಳು.

ಎಚ್ಚರವಾದಾಗ ಬಿಸಿಲು ಕೊಟ್ಟಿಗೆಗಳ ಹಿಂದಕ್ಕೆ ಸರಿದಿತ್ತು. ಅವಳ ಮೇಲೆ ಯಾರೋ ಹೊದಿಕೆ ಹೊದಿಸಿದ್ದರು. ಮನೆಯೊಳಗೆ ಕಿಯೋ ಫೋನಿನಲ್ಲಿ ಯಾರೊಂದಿಗೋ ಮೀನಿನ ವಿಷಯ ಹೇಳುತ್ತಿದ್ದರು. ಬೇಲಿಯಾಚೆ ಮೂರನೆಯ ಕೊಟ್ಟಿಗೆಗೆ ಏಣಿ ಒರಗಿಸಿ, ತಮಯಾಮ ಸೂರಿನ ಕೆಳಗೆ ತಲೆ ತೂರಿಸಿ ಏನನ್ನೋ ಹುಡುಕುತ್ತಿದ್ದರು.

ಚಿಗುಸಾ ಹೊದಿಕೆ ಮಡಚಿಟ್ಟು, ಬೂಟು ಹಾಕಿಕೊಂಡು ಬೇಲಿಯವರೆಗೆ ಹೋದಳು. ಹಿಂದಿನ ದಿನ ತೋಕಿಯ ಕೋಳಿ ಮುಟ್ಟಿದ್ದರಿಂದ ಒಳಗೆ ಕಾಲಿಡಲಿಲ್ಲ.

"ಅಲ್ಲಲ್ಲ, ಎಡಕ್ಕೆ," ಕೂಗಿದಳು.

"ಇಲ್ಲೇನೂ ಇಲ್ಲ ಕಣ್ರೀ!"

"ಇನ್ನೂ ಎಡಕ್ಕೆ. ತೊಲೆಯ ಮೇಲೆ. ಗುಬ್ಬಚ್ಚಿ ಹೋಗುವಷ್ಟು ಇದೆ."

ತಮಯಾಮ ಕೈ ಮೇಲೆತ್ತಿದರು. ಕೈ ಮೊಣಕೈಯವರೆಗೆ ಬಲೆಯ ಆಚೆ ಹೋಯಿತು.

"ಥೂ!" ಎಂದರು ಏಣಿಯ ಮೇಲಿಂದ. "ತಂತಿ ತಗೊಂಡು ಬಾರೇ ಕಿಯೋ!"